ಓಬಿ-ವಾನ್ ಸಾವನದುರ್ಗಕ್ಕೆ ಬಂದಿದ್ರಾ? ನಮ್ಮ ಮನೆ ಗ್ರೂಪಲ್ಲಿ ಅಲೆಕ್ ಗಿನ್ನೆಸ್ ಬಗ್ಗೆ ವಾದ

ದೊಡ್ಡಪ್ಪ: (ಫಾರ್ವರ್ಡ್) ನಿಮಗೆ ಗೊತ್ತೇ? ಸ್ಟಾರ್ ವಾರ್ಸ್‌ಗೆ ಆಸ್ಕರ್ ಗೆದ್ದ ಹಾಲಿವುಡ್ ನಟ ಸರ್ ಅಲೆಕ್ ಗಿನ್ನೆಸ್ ನಮ್ಮ ಸಾವನದುರ್ಗದ ಗುಹೆಯಲ್ಲಿ ನಟಿಸಿದ್ದರು!! ಪ್ರತಿಯೊಬ್ಬ ಕನ್ನಡಿಗನೂ ಹೆಮ್ಮೆಪಡಬೇಕಾದ ವಿಷಯ. ಎಲ್ಲರಿಗೂ ಕಳಿಸಿ 🙏

ಪುಟ್ಟಿ: ಏನು?? ಸ್ಟಾರ್ ವಾರ್ಸ್‌ನಲ್ಲಿ ಓಬಿ-ವಾನ್ ಆಗಿದ್ದೋರು ಮಾಗಡಿ ಕಡೆಗೆ ಬಂದಿದ್ರಾ, ಇಷ್ಟು ದಿನ ನಂಗೆ ಯಾರೂ ಹೇಳೇ ಇಲ್ವಲ್ಲ ತಾತ

ತಮ್ಮ: ಬೆಂಗಳೂರಿಗೆ ಬಂದಿದ್ದು ಹೌದು, ಮುಖಕ್ಕೆ ಕಂದು ಬಣ್ಣ ಬಳ್ಕೊಂಡು ನಮ್ಮೋನೊಬ್ಬ ಪ್ರೊಫೆಸರ್ ಪಾರ್ಟು ಮಾಡಕ್ಕೆ. ಇದ್ರಲ್ಲಿ ಹೆಮ್ಮೆ ಪಡೋಂಥದ್ದು ಏನಿದೆ ದೊಡ್ಡಪ್ಪ?

ದೊಡ್ಡಪ್ಪ: ಲೋ, ನಟ ಅಂದ್ಮೇಲೆ ಬಣ್ಣ ಹಚ್ಕೊಳ್ಳದೆ ಇನ್ನೇನು ಮಾಡ್ತಾನೆ. ನಾನು ಆಫೀಸ್ ನಾಟಕದಲ್ಲಿ ಮೂವತ್ತರ ವಯಸ್ಸಲ್ಲಿ ಮುದುಕನ ಪಾರ್ಟು ಮಾಡಿಲ್ವಾ

ತಮ್ಮ: ಮುದುಕ ಆಗೋದೂ ಇನ್ನೊಬ್ಬರ ಮೈಬಣ್ಣ ಹಾಕ್ಕೊಳ್ಳೋದೂ ಒಂದೇನಾ

ನಾನು: ಒಂದ್ನಿಮಿಷ, ಜಗಳಕ್ಕೆ ಮುಂಚೆ ಈ ಫಾರ್ವರ್ಡ್ ಸರಿ ಮಾಡೋಣ. ದೊಡ್ಡಪ್ಪ, ಇದ್ರಲ್ಲಿ ಆ ಹೆಸರು ಬಿಟ್ರೆ ಹೆಚ್ಚೇನೂ ಸರಿ ಇಲ್ಲ. ಸ್ಟಾರ್ ವಾರ್ಸ್‌ಗೆ ಅವರಿಗೆ ನಾಮಿನೇಷನ್ ಮಾತ್ರ ಬಂತು. ಆಸ್ಕರ್ ಬಂದಿದ್ದು 1957ರ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್‌ಗೆ, ಆಮೇಲೆ 1980ರಲ್ಲಿ ಒಂದು ಗೌರವ ಆಸ್ಕರ್. ಹಾಲಿವುಡ್‌ನೋರೂ ಅಲ್ಲ, ಲಂಡನ್ನಲ್ಲಿ ಹುಟ್ಟಿ ಲಂಡನ್ ರಂಗಭೂಮಿಲೇ ಬೆಳೆದೋರು. ಇನ್ನು ಸಾವನದುರ್ಗ. ಡೈರೆಕ್ಟರ್ ಡೇವಿಡ್ ಲೀನ್ ಎ ಪ್ಯಾಸೇಜ್ ಟು ಇಂಡಿಯಾ ಸಿನಿಮಾದ ಗುಹೆ ಸೀನ್‌ಗಳನ್ನ ಸಾವನದುರ್ಗ, ರಾಮದೇವರಬೆಟ್ಟದ ಕಡೆ ತೆಗೆದಿದ್ದು ನಿಜ, ಬೆಂಗಳೂರಲ್ಲಿ ಅರಮನೆ ಮೈದಾನದಲ್ಲಿ ಬಜಾರಿನ ಸೆಟ್ ಹಾಕಿದ್ದೂ ನಿಜ. ಆದ್ರೆ ಗಿನ್ನೆಸ್ ಮಾಡಿದ ಪ್ರೊಫೆಸರ್ ಗೋಡಬೋಲೆ ಕಥೆಯಲ್ಲಿ ಗುಹೆಗೆ ಹೋಗೋದೇ ಇಲ್ಲ. ಪೂಜೆ ತಡವಾಗಿ ಅವನಿಗೂ ಕಾಲೇಜಿನ ಇಂಗ್ಲಿಷ್ ಪ್ರಿನ್ಸಿಪಾಲ್ ಫೀಲ್ಡಿಂಗ್‌ಗೂ ಗುಹೆಗೆ ಹೋಗೋ ರೈಲು ತಪ್ಪಿಹೋಗತ್ತೆ, ಅಲ್ಲಿ ಆಗೋ ಅನಾಹುತಕ್ಕೆ ದಾರಿ ಆಗೋದೇ ಅದ್ರಿಂದ.

ದೊಡ್ಡಪ್ಪ: ಸರಿ ಒಪ್ಪಿದೆ. ಆದ್ರೆ ಬಂದಿದ್ದಂತೂ ಬಂದಿದ್ರಲ್ಲ. ಅದೂ ದೊಡ್ಡ ವಿಷ್ಯಾನೇ ಕಣಮ್ಮ

ನಾನು: ದೊಡ್ಡ ವಿಷ್ಯಾನೇ, ಫಾರ್ವರ್ಡ್ ಹೇಳೋದಕ್ಕಿಂತ ದೊಡ್ಡದು. ಲೀನ್ ಮತ್ತೆ ಗಿನ್ನೆಸ್ ಸೇರಿ ಮಾಡಿದ್ದು ಆರು ಸಿನಿಮಾ. 1946ರ ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್‌ನಿಂದ ಶುರುವಾಗಿ ಆಲಿವರ್ ಟ್ವಿಸ್ಟ್, ಕ್ವಾಯ್, ಲಾರೆನ್ಸ್ ಆಫ್ ಅರೇಬಿಯಾ, ಡಾಕ್ಟರ್ ಜಿವಾಗೋ, ಕೊನೇದು 1984ರ ಈ ಪ್ಯಾಸೇಜ್. ಲೀನ್‌ಗೂ ಅದೇ ಕೊನೇ ಸಿನಿಮಾ. ಹತ್ತಿರ ನಲವತ್ತು ವರ್ಷದ ಜೊತೆ ನಮ್ಮೂರಲ್ಲಿ ಮುಗೀತು, ಅದೂ ಮನಸ್ತಾಪದಲ್ಲಿ. ಗೋಡಬೋಲೆ ಒಂದು ಕುಣಿತ ಮಾಡೋ ಸೀನ್‌ಗೆ ಗಿನ್ನೆಸ್ ಕಷ್ಟಪಟ್ಟು ತಯಾರಿ ಮಾಡಿದ್ರು, ಎಡಿಟಿಂಗಲ್ಲಿ ಲೀನ್ ಅದನ್ನ ತೆಗೆದೇ ಹಾಕಿದ್ರು.

ತಮ್ಮ: ಒಳ್ಳೇದಾಯ್ತು ತೆಗೆದಿದ್ದು. ಅಕ್ಕ, ಅದೇ ಸಿನಿಮಾದಲ್ಲಿ ವಿಕ್ಟರ್ ಬ್ಯಾನರ್ಜಿ ಇದ್ರು, ರೋಶನ್ ಸೇಠ್ ಇದ್ರು, ಸಯೀದ್ ಜಾಫ್ರಿ ಇದ್ರು. ನಮ್ಮಲ್ಲಿ ನಟರೇ ಇರ್ಲಿಲ್ಲ ಅನ್ನೋ ಹಾಗಿಲ್ಲ. ಅಷ್ಟು ಜನ ಎದುರಿಗೇ ಇದ್ದಾಗ ಒಬ್ಬ ಇಂಗ್ಲಿಷ್‌ನೋನಿಗೆ ಬಣ್ಣ ಬಳಿದು ನಿಲ್ಸಿದ್ರು. ಇದೇ ಮೊದಲೂ ಅಲ್ಲ, 1962ರಲ್ಲಿ ಅರಬ್ ರಾಜಕುಮಾರ ಫೈಸಲ್, ಅದಕ್ಕೂ ಹಿಂದಿನ ವರ್ಷ ಎ ಮೆಜಾರಿಟಿ ಆಫ್ ಒನ್‌ನಲ್ಲಿ ಜಪಾನಿ ಬಿಸಿನೆಸ್‌ಮನ್. ಇಡೀ ಕರಿಯರೇ ಹೀಗೆ

ಭಾವ: ಆ ಕಾಲದಲ್ಲಿ ಎಲ್ರೂ ಮಾಡ್ತಿದ್ರು ಬಿಡಪ್ಪ

ನಾನು: ಭಾವ, ಆ ಕಾಲ ಅನ್ನೋ ಮಾತು ನಾನು ಒಪ್ಪಲ್ಲ, ಯಾಕಂದ್ರೆ ಆ ಕಾಲದಲ್ಲೂ ಜನ ಸುಮ್ನಿರ್ಲಿಲ್ಲ. 1948ರ ಆಲಿವರ್ ಟ್ವಿಸ್ಟ್‌ನಲ್ಲಿ ಗಿನ್ನೆಸ್ ಫೇಗಿನ್ ಆಗಿದ್ರು, ಹುಡುಗರಿಗೆ ಕಳ್ಳತನ ಕಲಿಸೋ ಯಹೂದಿ ಮುದುಕನ ಪಾತ್ರ. ವಯಸ್ಸು ಇನ್ನೂ ಮೂವತ್ನಾಲ್ಕು ದಾಟಿರ್ಲಿಲ್ಲ, ಲೀನ್ ಮೊದ್ಲು ಬೇಡ ಅಂದಿದ್ರು, ಇವರೇ ಹಠ ಹಿಡಿದು ಮೇಕಪ್ ಹಾಕ್ಕೊಂಡು ಟೆಸ್ಟ್‌ಗೆ ಬಂದು ಒಪ್ಪಿಸಿದ್ರು. ಆ ಉದ್ದ ಕೊಕ್ಕೆ ಮೂಗು ಡಿಕನ್ಸ್ ಪುಸ್ತಕದಲ್ಲಿ ಕ್ರೂಕ್‌ಶ್ಯಾಂಕ್ ಬರೆದಿದ್ದ ಚಿತ್ರದಿಂದ ಎತ್ತಿದ್ದು. ಯುದ್ಧ ಮುಗಿದು, ಹಿಟ್ಲರನ ಕ್ಯಾಂಪುಗಳಲ್ಲಿ ಏನು ನಡೀತು ಅಂತ ಜಗತ್ತಿಗೆ ಗೊತ್ತಾಗಿ ಮೂರೇ ವರ್ಷ ಆಗಿತ್ತು, ಅಂಥ ಹೊತ್ತಲ್ಲಿ ಯಹೂದಿ ಅಂದ್ರೆ ಇಂಥ ಮುಖ ಅಂತ ಪರದೆ ಮೇಲೆ ತೋರ್ಸಿದ್ರೆ ಹೇಗಿರತ್ತೆ. 1949ರಲ್ಲಿ ಬರ್ಲಿನ್ನಲ್ಲಿ ಥಿಯೇಟರ್ ಹತ್ರ ಯಹೂದಿಗಳು ಪ್ರತಿಭಟನೆಗೆ ಇಳಿದ್ರು, ಅಮೆರಿಕದಲ್ಲಿ 1951ರ ತನಕ ಬಿಡುಗಡೇನೇ ಆಗ್ಲಿಲ್ಲ, ಆದಾಗ್ಲೂ ಕತ್ತರಿ ಹಾಕಿ ಬಿಟ್ರು. ಇಷ್ಟೆಲ್ಲ ಕಣ್ಣಾರೆ ಕಂಡ ಇಬ್ಬರು ಮೂವತ್ತಾರು ವರ್ಷ ಆದ್ಮೇಲೆ ಗೋಡಬೋಲೆನ ಮತ್ತೆ ಮೇಕಪ್ ಡಬ್ಬಿಯಿಂದಾನೇ ತೆಗೆದ್ರು. ಇಷ್ಟರ ಮಟ್ಟಿಗೆ ಇವನು ಹೇಳ್ತಿರೋದು ಸರಿ.

ತಮ್ಮ: ಹಾಗಾದ್ರೆ ವಾದ ಮುಗೀತಲ್ಲ

ನಾನು: ಮುಗೀಲಿಲ್ಲ. ಇಡೀ ಕರಿಯರೇ ಹೀಗೆ ಅಂದ್ಯಲ್ಲ, ಅದಕ್ಕೆ ನನ್ನ ತಕರಾರು. ಮೇಕಪ್ ಅವರ ವಿದ್ಯೆಯಲ್ಲಿ ತುಂಬಾ ಸಣ್ಣ ಭಾಗ. ನಿಜವಾದ ವಿದ್ಯೆ ನಡಿಗೆಯಲ್ಲಿ ಇತ್ತು.

ಚಿಕ್ಕಮ್ಮ: ನಡಿಗೆ ಅಂದ್ರೆ?

ನಾನು: ಪಾತ್ರ ಹೇಗೆ ನಡೆಯತ್ತೆ ಅಂತ ಸಿಕ್ಕಿದ್ಮೇಲೇ ಮಿಕ್ಕಿದ್ದು ಅವರಿಗೆ ಸಿಗ್ತಿತ್ತು ಚಿಕ್ಕಮ್ಮ. ಕ್ವಾಯ್‌ನಲ್ಲಿ ಅವರು ಕರ್ನಲ್ ನಿಕಲ್ಸನ್, ಜಪಾನೀಯರ ಕೈಲಿ ಯುದ್ಧಕೈದಿ. ಆಫೀಸರ್‌ಗಳು ಕೂಲಿ ಮಾಡಲ್ಲ ಅಂತ ಹಠ ಹಿಡಿದಿದ್ದಕ್ಕೆ ಬಿಸಿಲಲ್ಲಿ ಒಂದು ತಗಡಿನ ಗೂಡಲ್ಲಿ ಕೂಡಿ ಹಾಕಿರ್ತಾರೆ. ಆಚೆ ಬಿಟ್ಟಾಗ ಆತ ಮೈದಾನ ದಾಟಿ ನಡೀಬೇಕು, ಎಲ್ಲ ಸೈನಿಕರೂ ನೋಡ್ತಿದ್ದಾರೆ. ಕಾಲು ಮಾತು ಕೇಳಲ್ಲ, ಮಂಡಿ ಒಂದ್ಕಡೆ ಹೋಗತ್ತೆ ಪಾದ ಇನ್ನೊಂದ್ಕಡೆ ಬೀಳತ್ತೆ, ಆದ್ರೂ ಬೆನ್ನು ಮಾತ್ರ ಪರೇಡ್‌ಗೆ ನಿಂತ ಹಾಗೆ ನೆಟ್ಟಗಿದೆ, ಕುಸಿದು ಹೋಗಿರೋ ಮೈಯನ್ನ ಬರೀ ಮರ್ಯಾದೆ ಎಳ್ಕೊಂಡು ಹೋಗ್ತಿದೆ. ಆ ನಡಿಗೆ ಎಲ್ಲಿಂದ ಬಂತು ಗೊತ್ತಾ? ಅವರ ಒಬ್ಬನೇ ಮಗ ಮ್ಯಾಥ್ಯೂಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿತ್ತು, ಹುಡುಗ ಮತ್ತೆ ನಡೆಯಕ್ಕೆ ಕಲೀತಿದ್ದಾಗ ಅಪ್ಪ ನೋಡಿದ್ದ ನಡಿಗೆ ಅದು. ತಾನು ಮಾಡಿದ್ರಲ್ಲೆಲ್ಲ ಒಳ್ಳೇದು ಅಂತ ಗಿನ್ನೆಸ್‌ಗೆ ಅನ್ನಿಸಿದ್ದೂ ಆ ತುಣುಕೇ.

ಚಿಕ್ಕಮ್ಮ: ಅಯ್ಯೋ ದೇವ್ರೇ. ಮಗನ ಕಷ್ಟಾನ ಪಾತ್ರಕ್ಕೆ ಕೊಟ್ರಾ. ನಂಗೆ ಹೊಟ್ಟೆಲಿ ಸಂಕಟ ಆಯ್ತು ಓದಿ

ದೊಡ್ಡಪ್ಪ: ಅದಕ್ಕೇ ಹೇಳಿದ್ದು ದೊಡ್ಡ ನಟ ಅಂತ. ಒಂದೇ ಸಿನಿಮಾದಲ್ಲಿ ಎಂಟು ಪಾರ್ಟು ಮಾಡಿದ್ದೂ ಇವರೇ ಅಲ್ವೇನಮ್ಮ

ನಾನು: ಹೌದು ದೊಡ್ಡಪ್ಪ, 1949ರ ಕೈಂಡ್ ಹಾರ್ಟ್ಸ್ ಅಂಡ್ ಕಾರೊನೆಟ್ಸ್. ಒಂದೇ ಶ್ರೀಮಂತ ಮನೆತನದ ಎಂಟು ಜನ, ಪಾದ್ರಿ, ಅಡ್ಮಿರಲ್, ಜನರಲ್, ಜೊತೆಗೆ ಲೇಡಿ ಅಗಾಥಾ ಅನ್ನೋ ಹೆಂಗಸೂ ಇವರೇ. ಚರ್ಚ್ ಒಳಗೆ ಒಂದು ಶಾಟ್‌ನಲ್ಲಿ ಆರು ಜನ ಒಟ್ಟಿಗೆ ಕಾಣ್ತಾರೆ. ಕಂಪ್ಯೂಟರ್ ಇಲ್ಲದ ಕಾಲ, ಕ್ಯಾಮೆರಾ ಒಂಚೂರೂ ಅಲ್ಲಾಡದ ಹಾಗೆ ಬಿಗಿದು, ಲೆನ್ಸ್‌ನ ಒಂದೊಂದೇ ಭಾಗ ಮುಚ್ಚಿ ತೆರೆದು, ಅದೇ ಫಿಲ್ಮನ್ನ ಹಿಂದಕ್ಕೆ ಸುತ್ತಿ ಮತ್ತೆ ಮತ್ತೆ ತೆಗೆದಿದ್ದು. ಆದ್ರೆ ನೀವು ಆ ಟ್ರಿಕ್ ನೋಡ್ಬೇಡಿ, ಅವರ ಮೈಯ ಭಂಗಿ ನೋಡಿ. ಆರು ಜನರದ್ದೂ ಬೇರೆ ಬೇರೆ ಥರ ಇದೆ.

ಪುಟ್ಟಿ: ಅತ್ತೆ, ಅವರಿಗೆ ಸ್ಟಾರ್ ವಾರ್ಸ್ ಕಂಡ್ರೆ ಆಗ್ತಿರ್ಲಿಲ್ಲ ಅಂತಾರಲ್ಲ, ಅದು ನಿಜಾನಾ? ನಂಗೆ ಅದು ಕೇಳಿದ್ರೆ ತುಂಬಾ ಬೇಜಾರಾಗತ್ತೆ, ನನ್ನ ಪಾಲಿಗೆ ಅವರು ಅಂದ್ರೆ ಅದೇ

ಭಾವ: ಆಗದೇ ಏನು, ಲಾಭದಲ್ಲಿ ಪಾಲು ತಗೊಂಡಿದ್ರಲ್ಲ, ಆಮೇಲೆ ದುಡ್ಡಿಗೆ ಕೊರತೆ ಇರ್ಲಿಲ್ಲ

ನಾನು: ಪುಟ್ಟಿ, ಡೈಲಾಗ್ ಹಿಡಿಸಿರ್ಲಿಲ್ಲ ಅನ್ನೋದು ನಿಜ, ಅದೊಂದೇ ಪಾತ್ರ ಹಿಡ್ಕೊಂಡು ಜನ ಮುತ್ಕೊಳ್ಳೋದೂ ಹಿಡಿಸ್ತಿರ್ಲಿಲ್ಲ. ಸಿನಿಮಾನ ನೂರಕ್ಕೂ ಹೆಚ್ಚು ಸಲ ನೋಡಿದೀನಿ ಅಂದ ಹುಡುಗನಿಗೆ ಇನ್ಮೇಲೆ ನೋಡಲ್ಲ ಅಂತ ಮಾತು ಕೊಡ್ತೀಯಾ ಅಂತ ಕೇಳಿದ್ರಂತೆ, ಅವರೇ ಬರ್ಕೊಂಡಿದ್ದಾರೆ. ಆದ್ರೆ ಕೆಲಸದಲ್ಲಿ ಕಳ್ಳಾಟ ಇರ್ಲಿಲ್ಲ. ಟ್ಯುನೀಶಿಯಾದಲ್ಲಿ ಶೂಟಿಂಗ್ ಶುರು ಆದಾಗ ಕೊಟ್ಟ ನಿಲುವಂಗಿ ಹೊಚ್ಚ ಹೊಸದಾಗಿ ಕಾಣ್ತಿದೆ ಅಂತ ಮರಳಲ್ಲಿ ಬಿದ್ದು ಹೊರಳಾಡಿ ಅದನ್ನ ಮಾಸಲು ಮಾಡ್ಕೊಂಡ್ರು, ಆಗ್ಲೇ ಅರವತ್ತು ದಾಟಿದೋರು, ಸರ್ ಪದವಿ 1959ರಲ್ಲೇ ಬಂದಿತ್ತು. ನೀನು ಪ್ರೀತಿಸೋ ಆ ಮುದುಕ ಹಾಗೆ ಬಂದಿದ್ದು. ನಿನ್ನ ಪ್ರೀತಿ ಎಲ್ಲೂ ತಪ್ಪಿಲ್ಲ, ಅಲ್ಲಿಗೇ ನಿಲ್ಲಬೇಡ ಅಷ್ಟೇ.

ಚಿಕ್ಕಮ್ಮ: ನಾಟಕದೋರು ಅಂದ್ಯಲ್ಲ, ಯಾವ ನಾಟಕ ಮಾಡಿದ್ರೇ? ಮನೆತನದಲ್ಲೇ ಬಂದಿತ್ತಾ ಕಲೆ?

ನಾನು: ಮನೆತನ ಅಂತ ಹೇಳ್ಕೊಳ್ಳೋಕೆ ಏನೂ ಇರ್ಲಿಲ್ಲ ಚಿಕ್ಕಮ್ಮ. 1914ರಲ್ಲಿ ಹುಟ್ಟಿದ್ದು, ಬರ್ತ್ ಸರ್ಟಿಫಿಕೇಟಲ್ಲಿ ಅಪ್ಪನ ಹೆಸರಿನ ಜಾಗ ಖಾಲಿ. ಜಾಹೀರಾತು ಕಂಪನಿಯಲ್ಲಿ ಕಾಪಿ ಬರೀತಾ ಇದ್ದೋರು ನಟನೆ ಹುಚ್ಚಿಗೆ ಬಿದ್ರು. ಆಗಿನ ದೊಡ್ಡ ರಂಗನಟ ಜಾನ್ ಗೀಲ್‌ಗುಡ್ ಕೈ ಹಿಡಿದ್ರು, 1934ರಲ್ಲಿ ತಾವು ಮಾಡಿದ ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್‌ನಲ್ಲಿ ಆಸ್ರಿಕ್ ಅನ್ನೋ ಸಣ್ಣ ಪಾರ್ಟು ಕೊಟ್ರು. 1938ರಲ್ಲಿ ಲಂಡನ್ನಿನ ಓಲ್ಡ್ ವಿಕ್ ಥಿಯೇಟರಲ್ಲಿ ಇವರೇ ಹ್ಯಾಮ್ಲೆಟ್, ಅದೂ ರಾಜರ ಕಾಲದ್ದಲ್ಲ, 1938ರ ಜನ ಹಾಕೋ ಉಡುಪಲ್ಲಿ. ಮಾರನೇ ವರ್ಷ ಗ್ರೇಟ್ ಎಕ್ಸ್‌ಪೆಕ್ಟೇಷನ್ಸನ್ನ ತಾವೇ ನಾಟಕಕ್ಕೆ ಇಳಿಸಿ ಅದ್ರಲ್ಲಿ ಹರ್ಬರ್ಟ್ ಪಾಕೆಟ್ ಅನ್ನೋ ಪಾತ್ರ ಮಾಡಿದ್ರು, ಅದನ್ನ ಡೇವಿಡ್ ಲೀನ್ ನೋಡಿದ್ರು, ಮುಂದಿನ ಆರು ಸಿನಿಮಾಕ್ಕೂ ಬೇರು ಆ ನಾಟಕ. ನಡುವೆ ಯುದ್ಧ, ನೇವಿ, 1943ರಲ್ಲಿ ಸಿಸಿಲಿ ದಾಳಿಯಲ್ಲಿ ಸೈನಿಕರನ್ನ ದಡಕ್ಕೆ ಇಳಿಸೋ ಒಂದು ದೋಣಿಗೆ ಇವರು ಕಮಾಂಡರ್. 1951ರಲ್ಲಿ ಮತ್ತೆ ಹ್ಯಾಮ್ಲೆಟ್ ಮಾಡಿದ್ರು, ಚೆನ್ನಾಗಿ ಬಿದ್ದು ಹೋಯ್ತು. ಎರಡು ವರ್ಷಕ್ಕೆ ಕೆನಡಾದ ಸ್ಟ್ರಾಟ್‌ಫರ್ಡ್‌ನಲ್ಲಿ ಹೊಸದಾಗಿ ಶುರುವಾದ ಉತ್ಸವಕ್ಕೆ ಹೋಗಿ ಒಂದು ದೊಡ್ಡ ಟೆಂಟ್ ಒಳಗೆ ಮೂರನೇ ರಿಚರ್ಡ್ ಆದ್ರು, ಅದು ಇವತ್ತಿಗೂ ನಡೀತಿರೋ ಉತ್ಸವ. 1964ರಲ್ಲಿ ಬ್ರಾಡ್‌ವೇನಲ್ಲಿ ಕವಿ ಡಿಲನ್ ಥಾಮಸ್ ಪಾತ್ರಕ್ಕೆ ಟೋನಿ ಪ್ರಶಸ್ತಿ. 1988-89ರಲ್ಲಿ ಎ ವಾಕ್ ಇನ್ ದ ವುಡ್ಸ್‌ನಲ್ಲಿ ರಷ್ಯಾದ ರಾಜತಾಂತ್ರಿಕ, ಸ್ಟೇಜ್ ಮೇಲೆ ಅದೇ ಕೊನೇದು, ಆಗ ಎಪ್ಪತ್ತೈದರ ಹತ್ರ. ಹೆಚ್ಚುಕಮ್ಮಿ ಐವತ್ತೈದು ವರ್ಷದ ಆ ಕೆಲಸ ನಾವ್ಯಾರೂ ಈಗ ನೋಡೋ ಹಾಗಿಲ್ಲ. ನಾಟಕ ನೋಡಿದೋರ ಜೊತೆಗೇ ಹೋಗ್ಬಿಡತ್ತೆ, ಉಳಿದ ಸಿನಿಮಾ ಇಟ್ಕೊಂಡು ನಾವು ಜಗಳ ಆಡ್ತಿದೀವಿ.

ತಮ್ಮ: ಸರಿ ಅಕ್ಕ, ಅಷ್ಟು ದೊಡ್ಡ ವಿದ್ಯೆ ಇದ್ದೋರು ಗೋಡಬೋಲೆಲಿ ಯಾಕೆ ಸೋತ್ರು, ಅದನ್ನ ಹೇಳು

ನಾನು: ನಂಗೆ ಅನ್ನಿಸೋದು, ಅಲ್ಲಿ ಅವರಿಗೆ ನಡಿಗೆ ಸಿಕ್ಕಿರ್ಲಿಲ್ಲ. ನಿಕಲ್ಸನ್‌ಗೆ ಮಗ ಇದ್ದ. 1979ರ ಬಿಬಿಸಿ ಸೀರಿಯಲ್ ಟಿಂಕರ್ ಟೈಲರ್‌ನಲ್ಲಿ ಗೂಢಚಾರ ಸ್ಮೈಲಿ ಆಗೋಕೆ ಮುಂಚೆ ಬ್ರಿಟನ್ನಿನ ಗುಪ್ತಚರ ಸಂಸ್ಥೆ ನಡೆಸಿದ್ದ ಮಾರಿಸ್ ಓಲ್ಡ್‌ಫೀಲ್ಡ್ ಜೊತೆ ಊಟಕ್ಕೆ ಕೂತು ಅವರ ಬಟ್ಟೆ, ಕೊಡೆ, ಕೂರೋ ರೀತಿ ಎಲ್ಲ ನೋಡ್ಕೊಂಡು ಬಂದಿದ್ರು. ಗೋಡಬೋಲೆಲಿ ನಂಗೆ ಕಾಣೋದು ವೇಷ ಮತ್ತೆ ಒಂದು ನಿಗೂಢ ನಗು, ನಮ್ಮಲ್ಲಿ ಸಂಧ್ಯಾವಂದನೆ ಮಾಡೋ ಮೇಷ್ಟ್ರು ಹೇಗೆ ಎದ್ದೇಳ್ತಾರೆ ಹೇಗೆ ಪಂಚೆ ಸರಿ ಮಾಡ್ಕೋತಾರೆ ಅನ್ನೋದು ಆ ಮೈಗೆ ಇಳಿದೇ ಇಲ್ಲ. ಬಣ್ಣ ಹಚ್ಚಿದ್ದು ಅನ್ಯಾಯ, ಅದರ ಮೇಲೆ ನಟನೆಯೂ ಸೋತಿದೆ. ಆದ್ರೆ ಅದೇ ವರ್ಷ, 1984ರಲ್ಲೇ, ಚಿಚೆಸ್ಟರ್‌ನಲ್ಲಿ ಸ್ಟೇಜ್ ಮೇಲೆ ಎಪ್ಪತ್ತರ ವಯಸ್ಸಲ್ಲಿ ಶೇಕ್ಸ್‌ಪಿಯರ್‌ನ ಷೈಲಾಕ್ ಪಾತ್ರಕ್ಕೂ ಕೈ ಹಾಕಿದ್ರು, ಫೇಗಿನ್ ರಾದ್ಧಾಂತ ಅನುಭವಿಸಿದ ಮನುಷ್ಯ ಮತ್ತೆ ಯಹೂದಿ ಪಾತ್ರದ ಮುಂದೆ ನಿಂತ್ರು. ಅದನ್ನ ನೋಡೋಕೆ ಸಿಕ್ಕಿದ್ರೆ ನಾನು ಏನು ಬೇಕಾದ್ರೂ ಕೊಡ್ತಿದ್ದೆ.

ತಮ್ಮ: ಸೋತ್ರು ಅಂತ ಒಪ್ಪಿದ್ಯಲ್ಲ, ಸಾಕು. ಆದ್ರೆ ನಡಿಗೆ ಸಿಕ್ಕಿದ್ರೆ ಬಣ್ಣ ನಡೀತಿತ್ತು ಅಂತ ನಿನ್ನ ಮಾತಿನ ಅರ್ಥ ಆದ್ರೆ ಅದನ್ನ ನಾನು ಒಪ್ಪಲ್ಲ

ನಾನು: ನಡೀತಿರ್ಲಿಲ್ಲ. ಆ ಪಾತ್ರ ನಮ್ಮೋರೊಬ್ಬರಿಗೆ ಹೋಗಬೇಕಿತ್ತು, ಅದ್ರಲ್ಲಿ ಎರಡು ಮಾತಿಲ್ಲ.

ದೊಡ್ಡಪ್ಪ: ನಾನು ಆ ಸಿನಿಮಾ ಬಂದಾಗ್ಲೇ ನೋಡಿದ್ದೆ. ನಂಗೆ ಆಗ ಪೆಗ್ಗಿ ಆಶ್‌ಕ್ರಾಫ್ಟ್ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದ್ರು, ಆಕೆಗೆ ಆಸ್ಕರೂ ಬಂತು. ಗೋಡಬೋಲೆ ಅಷ್ಟಾಗಿ ನೆನಪಿಲ್ಲ, ಈಗ ಯಾಕೆ ಅಂತ ಗೊತ್ತಾಗ್ತಿದೆ. ಫಾರ್ವರ್ಡ್ ತಿದ್ದಿ ಬರೀತೀನಿ, ಕ್ವಾಯ್ ಆಸ್ಕರ್ ಹಾಕ್ತೀನಿ, ಲೀನ್ ಜೊತೆ ಕೊನೇ ಸಿನಿಮಾ ಬೆಂಗಳೂರಲ್ಲಿ ಅಂತ ಹಾಕ್ತೀನಿ

ತಮ್ಮ: ಮೇಕಪ್ ವಿಷ್ಯಾನೂ ಹಾಕಿ ದೊಡ್ಡಪ್ಪ

ದೊಡ್ಡಪ್ಪ: ಹಾಕ್ತೀನಪ್ಪ. ಷೈಲಾಕ್ ಮಾಡಿದ್ದೂ ಹಾಕ್ತೀನಿ

ಪುಟ್ಟಿ: ಅತ್ತೆ ಆ ಸ್ಮೈಲಿ ಸೀರಿಯಲ್ ಎಷ್ಟು ಎಪಿಸೋಡು?

ನಾನು: ಬ್ರಿಟನ್ನಲ್ಲಿ ಬಂದಿದ್ದು ಏಳು. ಮೊದಲನೇದ್ರಲ್ಲಿ ಏನೂ ಆಗ್ತಿಲ್ಲ ಅನ್ಸತ್ತೆ, ಬಿಡಬೇಡ, ಆತ ಕನ್ನಡಕ ತೆಗೆದು ಒರೆಸ್ಕೊಳ್ಳೋದನ್ನೇ ನೋಡ್ತಾ ಹೋಗು. ಶನಿವಾರ ರಾತ್ರಿ ಕೂರೋಣ, ಅಪ್ಪನ್ನೂ ಕರ್ಕೊಂಡ್ ಬಾ.