ಪದಚರ್ಚೆ: ಹಳೇ ದಾಖಲೆಯ ‘ಸನ್-ಇನ್-ಲಾ’ ಅಂದರೆ ಅಳಿಯನೇ? (ನಾಳೆ ಸಂಜೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಒಂದು ಮನೆತನದವರು ತಮ್ಮ ಹಿರಿಯನೊಬ್ಬನ ಅಪ್ಪ ಯಾರು ಅಂತ ಹುಡುಕಿದ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು.

ಚರ್ಚಿನ ರಿಜಿಸ್ಟರಿನಲ್ಲಿ ಹುಡುಗನ ಅಪ್ಪ ಒಬ್ಬ. ಜಮೀನಿನ ಕಾಗದದಲ್ಲಿ ಅದೇ ಹುಡುಗ ಇನ್ನೊಬ್ಬನ ‘ಸನ್-ಇನ್-ಲಾ’. ‘ಅಳಿಯ’ ಅಂತ ಬರೆದು ಮುಂದೆ ಹೋಗಿದ್ದೆ. ಆಮೇಲೆ ಲೆಕ್ಕ ಹಾಕಿದರೆ ಆಗ ಅವನಿಗೆ ಒಂಬತ್ತೇ ವರ್ಷ! ಇನ್ನು ‘ನ್ಯಾಚುರಲ್ ಸನ್’, ‘ರೆಪ್ಯೂಟೆಡ್ ಫಾದರ್’, ‘ಕಾಪಿಹೋಲ್ಡ್’ ಇವಕ್ಕೂ ಪದ ಬೇಕು. ಪ್ಯಾರಿಶ್‌ಗೆ (ಒಂದು ಚರ್ಚಿಗೆ ಸೇರಿದ ಸೀಮೆ) ‘ಧರ್ಮಕೇಂದ್ರ’ ಅಂತ ಹಾಕಿದ್ದೇನೆ. ಸರಿ ತಾನೇ?

----

> ‘ಅಳಿಯ’ ಅಂತ ಬರೆದು ಮುಂದೆ ಹೋಗಿದ್ದೆ

ಅಳಿಯ ಅಲ್ಲ, ಮಲಮಗ. 1600, 1700ರ ಇಂಗ್ಲಿಷಿನಲ್ಲಿ ಹೆಂಡತಿಯ ಮೊದಲ ಗಂಡನ ಮಗನಿಗೂ ‘ಸನ್-ಇನ್-ಲಾ’ ಅಂತಲೇ ಹೇಳುತ್ತಿದ್ದರು. ತಾಯಿ ಮತ್ತೆ ಮದುವೆಯಾದಳೇ, ಮದುವೆಯ ಪುಸ್ತಕದಲ್ಲಿ ನೋಡಿ. ‘ಕಸಿನ್’ ಸಿಕ್ಕರೂ ಹುಷಾರು. ಅಣ್ಣನ ಮಗನೂ ಕಸಿನ್ನೇ ಆಗಿರಬಹುದು. ‘ಸೀನಿಯರ್’, ‘ಜೂನಿಯರ್’ ಅಂದರೂ ಅಪ್ಪ ಮಗ ಆಗಬೇಕಿಲ್ಲ. ಒಂದೇ ಊರಲ್ಲಿ ಒಂದೇ ಹೆಸರಿನ ದೊಡ್ಡವನು, ಚಿಕ್ಕವನು ಅಷ್ಟೇ.

‘ಮಲಮಗ’ ಕೀಳು ಪದ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸಂಸ್ಕೃತದ ‘ಮಲ’ಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ಇದು ಹಳಗನ್ನಡದ ‘ಮಱು’ ಅಂತ ನನ್ನ ನಂಬಿಕೆ. ಮರುಮದುವೆಯ ‘ಮರು’ ಇದೆಯಲ್ಲ, ಅದೇ. ಹತ್ತು ವರ್ಷದಿಂದ ಇಲ್ಲಿ ಇದನ್ನೇ ಹೇಳುತ್ತಿದ್ದೇನೆ.

----

ಹತ್ತು ವರ್ಷದಿಂದ ನಾನೂ ಕೇಳುತ್ತಿದ್ದೇನೆ: ‘ಱ’ ಹೋಗಿ ‘ಲ’ ಆದ ಇನ್ನೊಂದು ಪದ ತೋರಿಸಿ. ಇಲ್ಲದಿದ್ದರೆ ಅದು ಊಹೆ. ಪದ ಮಾತ್ರ ಸರಿಯಾಗಿದೆ, ಬಳಸಿ.

ಮೇಡಂ, ‘ಧರ್ಮಕೇಂದ್ರ’ ಬೇಡ. ಅದು ನಮ್ಮ ಕ್ಯಾಥೊಲಿಕ್ ಸಭೆಯವರ ಮಾತು. ಅಲ್ಲಿನ ಪ್ಯಾರಿಶ್ ಬಡವರನ್ನು ಸಾಕಲು ತೆರಿಗೆ ಎತ್ತುತ್ತಿತ್ತು, ರಸ್ತೆ ರಿಪೇರಿ ಮಾಡಿಸುತ್ತಿತ್ತು. ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡಿದ್ದು ಎಲ್ಲ ಬರೆದಿಡಬೇಕು ಅಂತ 1538ರಲ್ಲಿ ಎಂಟನೇ ಹೆನ್ರಿ ರಾಜನ ಮಂತ್ರಿ ಥಾಮಸ್ ಕ್ರಾಮ್ವೆಲ್ ಆಜ್ಞೆ ಹೊರಡಿಸಿದ. ಹಾಗಾಗಿ ‘ಪ್ಯಾರಿಶ್’ ಅಂತಲೇ ಇಡಿ. ದೀಕ್ಷಾಸ್ನಾನದ ದಿನವನ್ನು ಹುಟ್ಟಿದ ದಿನ ಅಂತ ಮಾತ್ರ ಬರೆಯಬೇಡಿ.

‘ರೆಪ್ಯೂಟೆಡ್ ಫಾದರ್’ಗೆ ‘ತಂದೆ ಎನ್ನಲಾದವನು’ ಅಂದರೆ ಪತ್ರಿಕೆಯ ಕ್ರೈಂ ಸುದ್ದಿಯ ಹಾಗಿರುತ್ತದೆ. ‘ತಂದೆಯೆಂದು ಹೆಸರಿಸಿದವನು’ ಅನ್ನಿ. ಮದುವೆಯಾಗದ ತಾಯಿಯನ್ನು ಕೇಳಿ ಹೆಸರು ಬರೆಸಿಕೊಳ್ಳುತ್ತಿದ್ದರು. ಮಗುವಿನ ಖರ್ಚು ಪ್ಯಾರಿಶ್ ಮೇಲೆ ಬೀಳದಿರಲಿ ಅಂತ ಆ ಗಂಡಸಿನಿಂದ ಮುಚ್ಚಳಿಕೆ ಬರೆಸುತ್ತಿದ್ದರು. ಹೆಸರಿಸಿದ್ದಾರೆ, ಅಷ್ಟೇ. ಅದು ಸಾಬೀತೂ ಅಲ್ಲ, ಆರೋಪವೂ ಅಲ್ಲ.

‘ನ್ಯಾಚುರಲ್’ಗೆ ಒಂದೇ ಪದ ಇಲ್ಲ. ಹಳೇ ಉಯಿಲಿನಲ್ಲಿ ‘ನ್ಯಾಚುರಲ್ ಅಂಡ್ ಲಾಫುಲ್ ಸನ್’ ಅಂತಿದ್ದರೆ ‘ಸ್ವಂತ ಮಗ’. ಆಮೇಲಿನ ಕಾಲದಲ್ಲಿ ಬರೀ ‘ನ್ಯಾಚುರಲ್’ ಅಂದರೆ ಸಾಮಾನ್ಯವಾಗಿ ಮದುವೆಯಾಚೆ ಹುಟ್ಟಿದವನು. ಪಕ್ಕದ ಪದ ನೋಡದೆ ಬರೆದರೆ ಆ ಹುಡುಗನಿಗೆ ಅನ್ಯಾಯ ಆಗುತ್ತದೆ. ‘ಜಾರಜ’ ದಯವಿಟ್ಟು ಬೇಡ.

----

ಪ್ಯಾರಿಶ್, ರಿಜಿಸ್ಟರ್, ಕಾಪಿಹೋಲ್ಡ್! ಕನ್ನಡದಲ್ಲಿ ಪದ ಇಲ್ಲವೇ? ಶಾಸನಗಳಲ್ಲಿ ‘ವಳಿತ’ ಇದೆ, ಅದೇ ಪ್ಯಾರಿಶ್. ರಿಜಿಸ್ಟರಿಗೆ ‘ಕಡತ’. ಕಾಪಿಹೋಲ್ಡಿಗೆ ‘ಮೂಲಗೇಣಿ’. ಜಮೀನಿನ ವಾರಸುದಾರ ಅಂತ ಅರಬ್ಬಿ ಬರೆಯದೆ ಅಚ್ಚಗನ್ನಡದ ‘ಹಕ್ಕುದಾರ’ ಬರೆಯಿರಿ.

----

‘ಹಕ್ಕು’ ಅರಬ್ಬಿ. ‘ದಾರ’ ಪಾರಸಿ. ಅಚ್ಚಗನ್ನಡ ಎಲ್ಲಿದೆ ಸಾರ್?

ಕಡತ ಅಂದರೆ ಬಟ್ಟೆಗೆ ಹುಣಸೆಬೀಜದ ಸರಿ, ಮಸಿ ಬಳಿದು ಮಡಚಿದ ಪುಸ್ತಕ. ಇವತ್ತು ಅದು ಫೈಲು. ರಿಜಿಸ್ಟರ್ ಅಲ್ಲ. ವಳಿತ ಯಾರಿಗೂ ಅರ್ಥ ಆಗುವುದಿಲ್ಲ.

ಮೂಲಗೇಣಿ ಮಾತ್ರ ನಿಜಕ್ಕೂ ಒಳ್ಳೇ ಪದ, ಒಪ್ಪುತ್ತೇನೆ. ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಒಕ್ಕಲು ಹಕ್ಕು ಅನ್ನುವುದು ಅದರಲ್ಲಿದೆ. ಬರೀ ‘ಗೇಣಿ’ಯಲ್ಲಿ ಇಲ್ಲ. ಆದರೆ ಕಾಪಿಹೋಲ್ಡಿನ ಜೀವ ಇರುವುದು ‘ಕಾಪಿ’ಯಲ್ಲಿ. ಜಮೀನಿನ ಒಡೆಯ ನಡೆಸುತ್ತಿದ್ದ ಕೋರ್ಟಿನ ಸುರುಳಿಯಲ್ಲಿ ಬರೆದದ್ದರ ನಕಲೇ ಒಕ್ಕಲಿನವನ ಹಕ್ಕುಪತ್ರ. ಅವನು ಸತ್ತರೆ ವಾರಸುದಾರ ಕೋರ್ಟಿಗೆ ಬಂದು ಹೆಸರು ಹಚ್ಚಿಸಬೇಕಿತ್ತು. ಅಪ್ಪ ಯಾರು ಅನ್ನುವುದು ಎಷ್ಟೋ ಸಲ ಸಿಗುವುದು ಅಲ್ಲಿಯೇ. 1733ರವರೆಗೆ ಹೆಚ್ಚಾಗಿ ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದರು. ‘ಫಿಲಿಯಸ್ ಎತ್ ಹೆರೆಸ್’ ಅಂತಿದ್ದರೆ ‘ಮಗ ಮತ್ತು ವಾರಸುದಾರ’. ‘ಕಾಪಿಹೋಲ್ಡ್’ ಅಂತಲೇ ಇಟ್ಟು, ಮೊದಲ ಸಲ ‘ನಕಲು ಪತ್ರದ ಮೂಲಗೇಣಿ’ ಅಂತ ಬಿಡಿಸಿ ಹೇಳಿ.

----

ಅರಬ್ಬಿಗೆ ಬಾಗಿಲು ತೆರೆದವರು ಇಂಗ್ಲಿಷಿಗೆ ಗೋಡೆಯನ್ನೇ ಒಡೆಯುತ್ತೀರಿ. ಹಳೇ ಎರವಲು ನಾಲಿಗೆಯಲ್ಲಿ ಕರಗಿದೆ. ಪ್ಯಾರಿಶ್ ಕರಗಿಲ್ಲ. ನನ್ನ ಮಾತು ಇಷ್ಟೇ.

----

‘ಪಾದ್ರಿ’ ಪೋರ್ಚುಗೀಸ್. ಅದೂ ಒಂದು ಕಾಲಕ್ಕೆ ಕರಗಿರಲಿಲ್ಲ.

----

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಲಮಗ, ಪ್ಯಾರಿಶ್, ಕಾಪಿಹೋಲ್ಡ್ (ಬಿಡಿಸಿದ ಸಾಲಿನ ಜೊತೆ), ತಂದೆಯೆಂದು ಹೆಸರಿಸಿದವನು. ಇಷ್ಟು ಹಾಕಿದೆ. ಅವನಿಗೆ ಜಮೀನು ಬಂದದ್ದು ‘ನ್ಯಾಚುರಲ್ ಅಂಡ್ ಲಾಫುಲ್’ ಅಂತ ಬರೆದ ಉಯಿಲಿನಿಂದ, ಹಾಗಾಗಿ ಅಲ್ಲಿ ‘ಸ್ವಂತ ಮಗ’.

ತಾಯಿಯ ಮರುಮದುವೆಯೂ ಸಿಕ್ಕಿತು. ಆದರೆ ಮೊದಲ ಗಂಡನನ್ನು ಮಣ್ಣು ಮಾಡಿದ್ದು ನವೆಂಬರಿನಲ್ಲಿ, ಇವಳ ಮದುವೆ ಅದೇ ವರ್ಷದ ಫೆಬ್ರವರಿಯಲ್ಲಿ ಅಂತ ಇದೆ. ಗಂಡ ಇರುವಾಗಲೇ ಮದುವೆಯೇ ಅಂತ ಗಾಬರಿಯಾಯಿತು. ಆಮೇಲೆ ಹೊಳೆಯಿತು. 1752ಕ್ಕೆ ಮುಂಚೆ ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಆ ಲೆಕ್ಕದಲ್ಲಿ ಫೆಬ್ರವರಿ ಬರುವುದು ನವೆಂಬರ್ ಆದ ಮೇಲೆ, ಅಲ್ವಾ? ಇಂಗ್ಲಿಷಿನವರು ಇದನ್ನು 1711/12 ಅಂತ ಎರಡು ವರ್ಷ ಸೇರಿಸಿ ಬರೆಯುತ್ತಾರೆ. ನಾನೂ ಹಾಗೇ ಇಡಲೇ, ‘ಹಳೇ ಲೆಕ್ಕ’ ಅಂತ ಪಕ್ಕದಲ್ಲಿ ಸೇರಿಸಲೇ? ಮಧ್ಯಾಹ್ನದೊಳಗೆ ಹೇಳಿ.