ಎಸ್‌ಎಕ್ಸ್‌ಎಕ್ಸ್ ಗೇಟ್ ಬಳಿಕ ಹಡಮಾರ್ಡ್ ಹಾಕಿದರೆ ನಾಲ್ಕೂ ಉತ್ತರ ಶೇ. 25: ಎಂಟ್ಯಾಂಗಲ್‌ಮೆಂಟ್ ಎಲ್ಲಿ ಹೋಯಿತು?

ಮಂಡ್ಯ_ಅಯಾನು:
ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಎಂ.ಎಸ್ಸಿ. ಭೌತಶಾಸ್ತ್ರ ಓದುತ್ತಿದ್ದೇನೆ. ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದ ಕ್ಯೂಸ್ಕೌಟ್ ಯಂತ್ರವನ್ನು (ಬಂಧಿತ ಅಯಾನುಗಳನ್ನು ಲೇಸರ್‌ನಿಂದ ನಡೆಸುವ ಕ್ವಾಂಟಂ ಕಂಪ್ಯೂಟರ್) ಸಂಶೋಧಕರಿಗೆ ತೆರೆದಿಟ್ಟಿದ್ದಾರೆ. ಅದರಲ್ಲಿ ಸಮಯ ಕೋರಿ ಪ್ರಸ್ತಾವನೆ ಬರೆಯಬೇಕೆಂಬುದು ನಮ್ಮ ಮೇಷ್ಟ್ರ ಆಸೆ. ಅದರ ಜಾಕಲ್ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಎಮ್ಯುಲೇಟರ್‌ನಲ್ಲಿ (ಯಂತ್ರವನ್ನು ಅನುಕರಿಸುವ ಸಾಫ್ಟ್‌ವೇರ್) ಓಡಿಸಿ ನೋಡುವ ಕೆಲಸ ನನ್ನದು.

00ಯಲ್ಲಿರುವ ಎರಡು ಕ್ಯೂಬಿಟ್‌ಗಳಿಗೆ (ಕ್ವಾಂಟಂ ಬಿಟ್‌ಗಳು) ಎಸ್‌ಎಕ್ಸ್‌ಎಕ್ಸ್, ಅಂದರೆ ಅವನ್ನು ಎಂಟ್ಯಾಂಗಲ್ ಮಾಡುವ (ಒಂದಕ್ಕೊಂದು ಹೆಣೆಯುವ) ಗೇಟ್ ಹಾಕಿ ಅಳೆದರೆ 00 ಮತ್ತು 11 ಅರ್ಧರ್ಧ ಬರುತ್ತವೆ. ಅಳೆಯುವ ಮುನ್ನ ಎರಡಕ್ಕೂ ಹಡಮಾರ್ಡ್ (0 ಅಥವಾ 1ನ್ನು ಎರಡೂ ಸಮನಾಗಿರುವ ಸ್ಥಿತಿಗೆ ಒಯ್ಯುವ ಗೇಟ್) ಹಾಕಿದರೂ ಬೆಲ್ ಸ್ಥಿತಿಯಲ್ಲಿ (ಪೂರ್ತಿ ಎಂಟ್ಯಾಂಗಲ್ ಆದ ಜೋಡಿಯ ಸ್ಥಿತಿ) ಅವೆರಡೇ ಬರಬೇಕಲ್ಲವೇ? ನನಗೆ 00, 01, 10, 11 ನಾಲ್ಕೂ ಸಮನಾಗಿ ಬರುತ್ತಿವೆ.

ಕಾವೇರಿ_ತೀರ:
ಯಂತ್ರದ ಗದ್ದಲ (ನಾಯ್ಸ್) ಇರಬಹುದು. ಲೇಸರ್ ತೀವ್ರತೆ ಸ್ವಲ್ಪ ಏರುಪೇರಾದರೂ ಹೀಗಾಗುತ್ತದೆ.

ಗಂಗೋತ್ರಿ_ಭೌತ:
ಇದು ಗದ್ದಲವಲ್ಲ. ಅವರು ಇನ್ನೂ ಎಮ್ಯುಲೇಟರ್‌ನಲ್ಲಿದ್ದಾರೆ, ಅಲ್ಲಿ ಲೇಸರ್ ಎಲ್ಲಿಂದ ಬರಬೇಕು?

ತೊಂದರೆ ಇರುವುದು ಫೇಸ್‌ನಲ್ಲಿ, ಅಂದರೆ ಸ್ಥಿತಿಯ 00 ಮತ್ತು 11 ಭಾಗಗಳ ನಡುವಿನ ಕೋನದಲ್ಲಿ. ಪಠ್ಯಪುಸ್ತಕದ ಬೆಲ್ ಸ್ಥಿತಿ ಹಡಮಾರ್ಡ್ ಮತ್ತು ಸಿನಾಟ್‌ನಿಂದ (ಒಂದು ಕ್ಯೂಬಿಟ್ 1 ಆಗಿದ್ದರೆ ಮಾತ್ರ ಇನ್ನೊಂದನ್ನು ತಿರುವುವ ಗೇಟ್) ಬರುತ್ತದೆ. ಅಲ್ಲಿ 00 ಮತ್ತು 11ರ ನಡುವಿನ ಫೇಸ್ ಸೊನ್ನೆ. ಬಂಧಿತ ಅಯಾನುಗಳ ಸಹಜ ಗೇಟ್ ಮೋಲ್ಮರ್–ಸೋರೆನ್ಸನ್; ನಿಮ್ಮ ಎಸ್‌ಎಕ್ಸ್‌ಎಕ್ಸ್ ಅದರದೇ ರೂಪ. ಅದು ಕೊಡುವ ಸ್ಥಿತಿಯಲ್ಲಿ 11ರ ಫೇಸ್ ಮೈನಸ್ 90 ಡಿಗ್ರಿ. ನೇರವಾಗಿ ಅಳೆದಾಗ ಈ ವ್ಯತ್ಯಾಸ ಕಾಣುವುದೇ ಇಲ್ಲ, ಹಡಮಾರ್ಡ್ ಹಾಕಿದೊಡನೆ ಬಯಲಾಗುತ್ತದೆ. ಎಸ್‌ಎಕ್ಸ್‌ಎಕ್ಸ್ ಆದ ತಕ್ಷಣ ಯಾವುದಾದರೂ ಒಂದೇ ಕ್ಯೂಬಿಟ್‌ಗೆ ಎಸ್‌ಜೆಡ್ (1ರ ಫೇಸ್ ಅನ್ನು 90 ಡಿಗ್ರಿ ಹೆಚ್ಚಿಸುವ ಗೇಟ್) ಹಾಕಿ, ಆಮೇಲೆ ಹಡಮಾರ್ಡ್ ಹಾಕಿ. 01, 10 ಮಾಯವಾಗುತ್ತವೆ. ಎಸ್‌ಜೆಡ್‌ಗೆ ಯಂತ್ರದಲ್ಲೂ ಖರ್ಚಿಲ್ಲ: ಕ್ಯೂಬಿಟ್ ಆಗಿರುವ ಯಿಟರ್ಬಿಯಂ-171 ಅಯಾನಿನ ಮೇಲೆ ಯಾವ ಲೇಸರ್ ಪಲ್ಸ್ ಕೂಡ ಬೀಳುವುದಿಲ್ಲ, ಮುಂದಿನ ಪಲ್ಸ್‌ಗಳ ಫೇಸ್ ಬದಲಾಗುತ್ತದೆ, ಅಷ್ಟೇ.

ಆದರೂ ನಿಮ್ಮ ಅನುಮಾನ ನ್ಯಾಯವಾದದ್ದು. ಎಂಟ್ಯಾಂಗಲ್‌ಮೆಂಟ್ ಪೂರ್ತಿ ಹಾಳಾಗಿ, 00 ಮತ್ತು 11ರ ಬರಿಯ ಮಿಶ್ರಣ (ಅರ್ಧ ಸಲ 00, ಅರ್ಧ ಸಲ 11) ಉಳಿದಿದ್ದರೂ ಹಡಮಾರ್ಡ್ ಬಳಿಕ ಇದೇ ಶೇ. 25 ಬರುತ್ತದೆ. ಆ ಒಂದು ಅಳತೆ ಇವೆರಡನ್ನು ಬೇರ್ಪಡಿಸಲಾರದು. ಆದ್ದರಿಂದ ಪ್ಯಾರಿಟಿ ಸ್ಕ್ಯಾನ್ ಮಾಡಿ. ಎಸ್‌ಎಕ್ಸ್‌ಎಕ್ಸ್ ಬಳಿಕ ಹಡಮಾರ್ಡ್ ಬದಲು ಎರಡೂ ಕ್ಯೂಬಿಟ್‌ಗಳನ್ನು ಒಂದೇ ಅಕ್ಷದಲ್ಲಿ 90 ಡಿಗ್ರಿ ತಿರುಗಿಸಿ. ಆ ಅಕ್ಷದ ಕೋನವನ್ನು 0ಯಿಂದ 360ರವರೆಗೆ ಬದಲಿಸುತ್ತಾ ಹೋಗಿ. ಪ್ರತಿ ಕೋನದಲ್ಲೂ 00, 11ರ ಪಾಲಿನಿಂದ 01, 10ರ ಪಾಲನ್ನು ಕಳೆಯಿರಿ; ಅದೇ ಪ್ಯಾರಿಟಿ. ಎಂಟ್ಯಾಂಗಲ್‌ಮೆಂಟ್ ಇದ್ದರೆ ಎರಡು ಪೂರ್ಣ ಅಲೆಗಳು ಬರುತ್ತವೆ, ಬರಿಯ ಮಿಶ್ರಣವಾದರೆ ಸೊನ್ನೆಯ ಗೆರೆ. ನಿಮ್ಮ ಹಡಮಾರ್ಡ್ ಸರಿಯಾಗಿ ಅಲೆ ಸೊನ್ನೆಯನ್ನು ದಾಟುವಲ್ಲೇ ಕುಳಿತಿದೆ!

ಮಂಡ್ಯ_ಅಯಾನು:
ಧನ್ಯವಾದ ಸರ್. ಎಸ್‌ಜೆಡ್ ಹಾಕಿದ ಮೇಲೆ 00, 11 ಮಾತ್ರ ಬಂದವು. ಸ್ಕ್ಯಾನ್‌ನಲ್ಲೂ ಎರಡು ಅಲೆ, ಮೈನಸ್ 1ರಿಂದ 1ರವರೆಗೆ. ನಿಜವಾದ ಯಂತ್ರದಲ್ಲಿ ಅಲೆ ಕುಗ್ಗಿದರೆ ಅದನ್ನು ಹೇಗೆ ಓದಬೇಕು?

ಗಂಗೋತ್ರಿ_ಭೌತ:
ಸ್ಕ್ಯಾನ್ ಇಲ್ಲದೆ ಅಳೆದಾಗ ಬಂದ 00, 11ರ ಒಟ್ಟು ಪಾಲಿಗೆ ಅಲೆಯ ಎತ್ತರವನ್ನು ಕೂಡಿಸಿ ಅರ್ಧ ಮಾಡಿ. ಅದೇ ಬೆಲ್ ಸ್ಥಿತಿಯ ಫಿಡೆಲಿಟಿ (ಆದರ್ಶ ಸ್ಥಿತಿಗೆ ಎಷ್ಟು ಹತ್ತಿರ ಎಂಬ ಅಳತೆ); 0.5 ದಾಟಿದರೆ ಎಂಟ್ಯಾಂಗಲ್‌ಮೆಂಟ್ ಇದೆ ಎಂದರ್ಥ. ಎತ್ತರವನ್ನು ಸೊನ್ನೆಯಿಂದ ತುದಿಗೆ ಅಳೆಯಬೇಕು, ಕೆಳತುದಿಯಿಂದ ಮೇಲ್ತುದಿಗೆ ಅಲ್ಲ. ಪ್ರಸ್ತಾವನೆಯಲ್ಲಿ ಈ ಸ್ಕ್ಯಾನ್‌ಗೂ ಸಮಯ ಕೇಳಿಕೊಳ್ಳಿ.