ಸೇವಂತಿಗೆ: 8 ದಿನ ನೀರು ನಿಲ್ಲಿಸಿದರೂ ನೀರಿನ ಕೊರತೆಗೆ ಸ್ಪಂದಿಸುವ ಜೀನ್‌ಗಳು ಏರುತ್ತಿಲ್ಲ

ಹೂಕುಂಡ: ಮೂರನೆಯ ಸಲವೂ ಇದೇ ಗತಿ. 8 ದಿನ ನೀರು ನಿಲ್ಲಿಸಿ, ಎಲೆಯ ಆರ್‌ಎನ್‌ಎ ತೆಗೆದು ಕ್ಯೂಪಿಸಿಆರ್ (ಜೀನ್ ಎಷ್ಟು ಚುರುಕಾಗಿದೆ ಎಂದು ಅಳೆಯುವ ಪರೀಕ್ಷೆ) ಮಾಡಿದೆ. ನೀರಿನ ಕೊರತೆಯಲ್ಲಿ ಏರಬೇಕಾದ ಡ್ರೆಬ್2ಎ, ಎನ್‌ಸಿಇಡಿ3 ಜೀನ್‌ಗಳೆರಡೂ ನೀರುಂಡ ಗಿಡದಲ್ಲಿ ಇರುವಷ್ಟೇ ಇವೆ. ರಾಸಾಯನಿಕಗಳು ಮುಗಿಯುತ್ತಿವೆ, ಸೋಮವಾರ ಮಾರ್ಗದರ್ಶಕರಿಗೆ ತೋರಿಸಬೇಕು. ಪ್ರೈಮರ್ (ಬೇಕಾದ ಜೀನನ್ನು ಹಿಡಿಯುವ ಡಿಎನ್‌ಎ ತುಣುಕು) ಹಾಳಾಗಿದೆಯೇ?

ಸಿಟಿಮೌಲ್ಯ: ಪ್ರೈಮರ್ ಅಲ್ಲ, ಹೋಲಿಕೆಗೆ ಇಡುವ, ಬದಲಾಗಬಾರದ ರೆಫರೆನ್ಸ್ ಜೀನ್. ಆಕ್ಟಿನ್ ಬಳಸಿದಿರಾ? ನೀರಿನ ಕೊರತೆಗೆ ಅದೇ ಏರಿಳಿದರೆ ಲೆಕ್ಕವೆಲ್ಲ ತಲೆಕೆಳಗು.

ಹೂಕುಂಡ: ಹೌದು, ಆಕ್ಟಿನ್. ಸಿಟಿ (ಸಂಕೇತ ಕಾಣಲು ಬೇಕಾದ ಪಿಸಿಆರ್ ಸುತ್ತುಗಳು; ಜೀನ್ ಏರಿದಷ್ಟೂ ಇದು ಇಳಿಯುತ್ತದೆ) ಎರಡು ಗುಂಪುಗಳಲ್ಲಿ 20.1 ಮತ್ತು 20.3.

ಸಿಟಿಮೌಲ್ಯ: ಆದರೂ ಒಂದನ್ನೇ ನಂಬಬೇಡಿ. ಯುಬಿಕ್ವಿಟಿನ್ ಎಂಬ ಇನ್ನೊಂದು ರೆಫರೆನ್ಸ್ ಜೀನ್ ಸೇರಿಸಿ ಮತ್ತೊಮ್ಮೆ ಓಡಿಸಿ.

ಆರುಪಟ್ಟು: ಎನ್‌ಸಿಇಡಿ ಹತ್ತು ಪಟ್ಟು ಏರಿದ್ದರೆ ಸಿಟಿ ಸುಮಾರು 3.3 ಇಳಿಯಬೇಕು. ಆಕ್ಟಿನ್‌ನ 0.2 ಅದನ್ನು ಮುಚ್ಚಿಡಲಾರದು. ನನ್ನ ಅನುಮಾನ ಬೇರೆ. ತೋಟದ ಸೇವಂತಿಗೆಯಲ್ಲಿ ಸಾಮಾನ್ಯವಾಗಿ 54 ವರ್ಣತಂತುಗಳು, ಆರು ಗಣ, ಅಂದರೆ ಒಂದೇ ಜೀನಿಗೆ ಹಲವು ಪ್ರತಿಗಳು. ಒಂದೇ ಪ್ರತಿ ಏರಿ ಉಳಿದವು ಸುಮ್ಮನಿದ್ದರೆ, ಎಲ್ಲವನ್ನೂ ಹಿಡಿಯುವ ಪ್ರೈಮರ್‌ನಲ್ಲಿ ಏರಿಕೆ ಕರಗಿಹೋಗುತ್ತದೆ. ಮೆಲ್ಟ್ ಕರ್ವ್ (ಪಿಸಿಆರ್‌ನಲ್ಲಿ ಒಂದೇ ಉತ್ಪನ್ನ ಬಂದಿದೆಯೇ ಎಂದು ಬಿಸಿ ಮಾಡಿ ನೋಡುವ ರೇಖೆ) ಹಾಕಿ. ಆರ್‌ಎನ್‌ಎ ತೆಗೆದದ್ದು ಕಿಟ್‌ನಿಂದಲೇ?

ಹೂಕುಂಡ: ಕಿಟ್. ಬೆಳಕು ಹೀರಿಕೆಯಿಂದ ಶುದ್ಧತೆ ಹೇಳುವ 260/280 ಅನುಪಾತ 2.0. ಮೆಲ್ಟ್ ಕರ್ವ್‌ನಲ್ಲಿ ಒಂದೇ ಶಿಖರ.

ಆರುಪಟ್ಟು: 260/230 ಹೇಳಿ. ಫೀನಾಲು, ಪಾಲಿಸ್ಯಾಕರೈಡು ಉಳಿದಿದ್ದರೆ ಅಲ್ಲಿ ತಿಳಿಯುತ್ತದೆ. ಸೇವಂತಿಗೆಗೆ ಸಿಟಿಎಬಿ ಎಂಬ ಮಾರ್ಜಕ ಬಳಸಿ ಆರ್‌ಎನ್‌ಎ ತೆಗೆಯುವ ವಿಧಾನವೇ ಸರಿ.

ಸಿಟಿಮೌಲ್ಯ: ಇದನ್ನು ಒಪ್ಪುವುದಿಲ್ಲ. ಐದು ವರ್ಷದಿಂದ ಎಳೆಯ ಎಲೆಗೆ ಕಿಟ್ಟೇ ಬಳಸುತ್ತಿದ್ದೇನೆ, ಒಮ್ಮೆಯೂ ಕೈಕೊಟ್ಟಿಲ್ಲ.

ತಾರಸಿತೋಟ: ನನಗೆ ಪಿಸಿಆರ್ ಗೊತ್ತಿಲ್ಲ. ತಾರಸಿಯಲ್ಲಿ 60 ಕುಂಡಗಳಿವೆ, ಎಲ್ಲಕ್ಕೂ ಟೈಮರ್ ಇಟ್ಟ ಹನಿ ನೀರಾವರಿ. ಬೋಗನ್‌ವಿಲ್ಲಾಗೆ ನೀರು ಕಡಿಮೆ ಮಾಡಿದಷ್ಟೂ ಬಣ್ಣ ತುಂಬಿ ಬರುತ್ತದೆ, ಈ ಸಲ ಎಲೆಯೇ ಕಾಣದಷ್ಟು ಬಂದಿದೆ. ಆದರೆ ಸೇವಂತಿಗೆಗೆ ಬೇಸಿಗೆಯಲ್ಲಿ ಎರಡು ದಿನ ತಪ್ಪಿದರೆ ತಲೆ ಬಾಗಿಸುತ್ತದೆ. 8 ದಿನಕ್ಕೆ ನಿಮ್ಮ ಗಿಡ ಬಾಡಲಿಲ್ಲವೇ?

ಹೂಕುಂಡ: ಇಲ್ಲ, ನೆಟ್ಟಗೇ ನಿಂತಿತ್ತು. ತಳಿ ಗಟ್ಟಿ ಎಂದು ಸಂತೋಷಪಟ್ಟೆ. ಪಾಲಿಹೌಸ್‌ನಲ್ಲಿ ಪಕ್ಕದ ಆಂಥೂರಿಯಂಗಾಗಿ ಅರ್ಧ ಗಂಟೆಗೊಮ್ಮೆ ಮಂಜು ಸಿಂಪಡಿಸುವ ಫಾಗರ್ ಓಡುತ್ತದೆ. ಅದು ಎಲ್ಲರಲ್ಲೂ ಇರುವುದೇ ಎಂದು ಬರೆಯಲಿಲ್ಲ.

ಆರುಪಟ್ಟು: ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು! ಆ ಮಂಜಿನಲ್ಲಿ ಎಲೆಯಿಂದ ನೀರು ಆವಿಯಾಗುವುದೇ ಕಡಿಮೆ. ಜೀನ್ ದಿನ ಎಣಿಸುವುದಿಲ್ಲ. ಜೀವಕೋಶದ ಬಿಗುವು ಇಳಿದಾಗ ಎನ್‌ಸಿಇಡಿ ಏರಿ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನ್ ತಯಾರಾಗುತ್ತದೆ. ಅದು ಗ್ರಾಹಕಕ್ಕೆ ಅಂಟಿದಾಗ ಪಿಪಿ2ಸಿ ಎಂಬ ತಡೆಯೊಡ್ಡುವ ಕಿಣ್ವ ಕಟ್ಟಿಬೀಳುತ್ತದೆ, ಅದು ತಡೆದಿಟ್ಟಿದ್ದ ಸ್ನಾರ್ಕ್2 ಕಿಣ್ವ ಬಿಡುಗಡೆಯಾಗಿ ಪತ್ರರಂಧ್ರ ಮುಚ್ಚುತ್ತದೆ. ನಿಮ್ಮ ಗಿಡ ಬಹುಶಃ ಆ ಹಂತಕ್ಕೇ ಬಂದಿಲ್ಲ. ಕುಂಡ ತೂಗಿ. ಎಲೆಯ ತುಂಡನ್ನು ತೂಗಿ, ನೀರಲ್ಲಿ ತೇಲಿಸಿ ತೂಗಿ, ಒಣಗಿಸಿ ತೂಗಿ. ಹಸಿ ತೂಕ, ತುಂಬಿದ ತೂಕ ಎರಡರಿಂದಲೂ ಒಣ ತೂಕ ಕಳೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ; ಅದೇ ಎಲೆಯ ಸಾಪೇಕ್ಷ ನೀರಿನಂಶ. ಅದು ಇಳಿಯದೆ ಆರ್‌ಎನ್‌ಎ ತೆಗೆಯಬೇಡಿ.

ಹೂಕುಂಡ: ಈಗಷ್ಟೇ ತೂಗಿದೆ. ನೀರುಂಡ ಕುಂಡ 2.1 ಕಿಲೋ, ಒಣಗಿಸಿದ್ದು 1.9. ಆರು ಕುಂಡಗಳನ್ನು ಹೊರಗಿನ ಮಳೆಮರೆಗೆ ಸಾಗಿಸಿದ್ದೇನೆ.

ಸಿಟಿಮೌಲ್ಯ: ಒಳ್ಳೆಯದು. ಯುಬಿಕ್ವಿಟಿನ್ ಪ್ರೈಮರ್ ಇಂದೇ ತರಿಸಿಡಿ.

ತಾರಸಿತೋಟ: ಆ ಫಾಗರ್ ನಳಿಕೆ ಎಷ್ಟು ಸೂಕ್ಷ್ಮದ್ದು? ನನ್ನ ಆರ್ಕಿಡ್‌ಗೆ ಅಂಥದ್ದೇ ಹುಡುಕುತ್ತಿದ್ದೇನೆ.